ಮಗ ಚರ್ಚ್‌ನ ಕುಟುಂಬ ದಿನಕ್ಕೆ ಬರಲ್ಲ ಅಂತಾನೆ

ಪ್ರಶ್ನೆ: ನಾವು ಸುಂಟಿಕೊಪ್ಪ ಕಡೆಯವರು. ಯಜಮಾನರು ಕಾಫಿ ಎಸ್ಟೇಟ್‌ನಲ್ಲಿ ಲೆಕ್ಕ ಬರೆಯುವ ರೈಟರ್. ಮಗನಿಗೆ 14, ಮಗಳಿಗೆ 9. ಅತ್ತೆಯೂ ಜೊತೆಗಿದ್ದಾರೆ. ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಮ್ಮನ ಹುಟ್ಟುಹಬ್ಬ, ಅದೇ ನಮ್ಮ ಮೊಂತಿ ಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ, ಅಂದರೆ ನೊವೆನಾ ಸಮಯದಲ್ಲಿ ನಮ್ಮ ಚರ್ಚ್‌ನಲ್ಲಿ ಕುಟುಂಬ ದಿನ ಮಾಡುತ್ತಾರೆ. ಹೋದ ವರ್ಷ ಬೈಬಲ್ ಕ್ವಿಜ್‌ನಲ್ಲಿ ಅಪ್ಪ, ಮಗ ಒಂದೇ ತಂಡ. ಮಗ ಒಂದು ಸುಲಭದ ಉತ್ತರ ತಪ್ಪಿದ. "ಇಷ್ಟೂ ಗೊತ್ತಿಲ್ವಾ? ಮೊಬೈಲ್ ಒಂದು ಗೊತ್ತು" ಅಂತ ಇವರು ಮೈಕ್ ಮುಂದೆಯೇ ಗದರಿದರು. ಎಲ್ಲರೂ ನಕ್ಕರು. ಈಗ ಮಗ ಭಾನುವಾರದ ಪೂಜೆಗೆ ಬರುತ್ತಾನೆ, ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ. ಮನೆಯಲ್ಲಿ ಅಜ್ಜಿ ಜೊತೆ ಜಪಸರ ಹೇಳುತ್ತಾನೆ. ಕುಟುಂಬ ದಿನಕ್ಕೆ ಮಾತ್ರ ಬರಲ್ಲವಂತೆ. "ಪಪ್ಪ ಜಪ ಮಾಡೋದನ್ನ ನಾನು ನೋಡೇ ಇಲ್ಲ, ನನಗೆ ಮಾತ್ರ ಯಾಕೆ?" ಅಂತಾನೆ. ಇವರು "ಎಳೆದುಕೊಂಡು ಬಾ, ಇಲ್ಲಾಂದ್ರೆ ದಾರಿ ತಪ್ತಾನೆ" ಅಂತಾರೆ. ಏನು ಮಾಡಲಿ?

ಉತ್ತರ: ಎಳೆದುಕೊಂಡು ಹೋಗಬೇಡಿ. ಬಂದರೂ ಅವನು ಮುಖ ಊದಿಸಿಕೊಂಡು ಕೂರುತ್ತಾನೆ, ಅಷ್ಟೇ.

ನಿಮ್ಮ ಪತ್ರದಲ್ಲೇ ಒಂದು ಒಳ್ಳೆಯ ಸುದ್ದಿ ಇದೆ. ನೀವು ಅದನ್ನು ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. 14 ವರ್ಷದ ಹುಡುಗ ಸಂಜೆ ಅಜ್ಜಿ ಪಕ್ಕ ಕೂತು ಜಪಸರ ಹೇಳುತ್ತಾನೆ! ಅವನಿಗೆ ದೇವರ ಮೇಲೆ ಮುನಿಸಿಲ್ಲ. ಆ ವೇದಿಕೆಯ ಮೇಲಿದೆ, ಆ ನಗುವಿನ ಮೇಲಿದೆ. ಅಜ್ಜಿ ಅವನನ್ನು ಪರೀಕ್ಷೆ ಮಾಡಲ್ಲ, ಅದಕ್ಕೇ ಅಲ್ಲಿ ಕೂರುತ್ತಾನೆ. ಹಾಗಾಗಿ ದಾರಿ ತಪ್ಪುವ ಭಯವನ್ನು ಮೊದಲು ಮನಸ್ಸಿನಿಂದ ತೆಗೆಯಿರಿ.

ಈಗ ಯಜಮಾನರ ವಿಷಯ. ಬೆಳಗ್ಗೆ ಬೇಗ ಎದ್ದು ಕೆಲಸಗಾರರ ಹಾಜರಿ, ಸಂಜೆ ಚೆಕ್‌ರೋಲ್, ಅಂದರೆ ಹಾಜರಿ, ಕೂಲಿಯ ಲೆಕ್ಕ. ಮನೆಗೆ ಬರುವಾಗ ಅವರಿಗೆ ಎಷ್ಟು ಸುಸ್ತಾಗಿರುತ್ತದೆ ಅಂತ ಊಹಿಸಬಲ್ಲೆ. ಮಗ ಕೆಡಬಾರದು ಅನ್ನೋ ಕಾಳಜಿಯೂ ನಿಜವಾದದ್ದೇ. ಆದರೆ ಮಗ ಕೇಳಿದ ಪ್ರಶ್ನೆ ತಲೆಹರಟೆ ಅಲ್ಲ. ಕ್ಯಾಥೊಲಿಕ್ ಬಿಷಪ್‌ಗಳ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಹೇಳಿದೆ: ಮನೆಯೇ ಒಂದು ಧರ್ಮಸಭೆ, ಅಂದರೆ ಪುಟ್ಟ ಚರ್ಚ್; ಮಾತಿನಿಂದಲೂ ನಡತೆಯಿಂದಲೂ ಮಕ್ಕಳಿಗೆ ವಿಶ್ವಾಸ ತಿಳಿಸುವವರಲ್ಲಿ ತಂದೆ ತಾಯಿಯೇ ಮೊದಲಿಗರು. ಧರ್ಮೋಪದೇಶದ ಕ್ಲಾಸು, ಸಿಸ್ಟರ್, ಫಾದರ್ ಎಲ್ಲ ಆಮೇಲೆ. ನಿಮ್ಮ ಹುಡುಗ ಕೇಳುತ್ತಿರುವುದೂ ಇದನ್ನೇ ಅಲ್ವಾ?

ಇನ್ನೊಂದು ಮಾತನ್ನು ಯಜಮಾನರಿಗೆ ತೋರಿಸಿ. ಬೈಬಲ್‌ನಲ್ಲಿ ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ, ಮಕ್ಕಳು ತಂದೆ ತಾಯಿಯ ಮಾತು ಕೇಳಬೇಕು ಅಂತ 20ನೇ ವಚನದಲ್ಲಿದೆ. ಅದನ್ನು ನಾವು ಮಕ್ಕಳಿಗೆ ಎಷ್ಟು ಸಲ ಓದಿ ಹೇಳಿಲ್ಲ! ಅದರ ಕೆಳಗಿನ ಸಾಲು ತಂದೆಯರಿಗೆ: ಮಕ್ಕಳನ್ನು ಕೆಣಕಬೇಡಿ, ಅವರ ಮನಸ್ಸು ಕುಗ್ಗೀತು. ಹೋದ ವರ್ಷ ಮೈಕ್ ಮುಂದೆ ಆಗಿದ್ದು ಅದೇ. ಅವರು ಮಗನ ಹತ್ತಿರ "ಅವತ್ತು ಎಲ್ಲರ ಮುಂದೆ ನಾನು ಹಾಗೆ ಹೇಳಬಾರದಿತ್ತು" ಅಂತ ಒಂದು ಮಾತು ಹೇಳಲೇಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಎದುರು ಕೂರಿಸಿಕೊಂಡು ಹೇಳುವುದು ಕಷ್ಟ ಆಗಬಹುದು. ಮಗನನ್ನು ಬೈಕ್‌ನಲ್ಲಿ ಪೇಟೆಗೆ ಕರೆದುಕೊಂಡು ಹೋಗುವಾಗ ಹೇಳಲಿ. ನೀವು ಜೊತೆಗೆ ಹೋಗಬೇಡಿ. ಮಗ ಏನೂ ಉತ್ತರ ಕೊಡದಿದ್ದರೂ "ಕೇಳಿಸ್ತಾ?" ಅಂತ ಮತ್ತೆ ಕೆದಕಬಾರದು.

ನೊವೆನಾದ ಒಂಬತ್ತು ದಿನ ಮಗಳು ಹೇಗೂ ಮರಿಯಮ್ಮನಿಗೆ ಹೂವು ತೆಗೆದುಕೊಂಡು ಹೋಗುತ್ತಾಳೆ. ಹೂವು ಕೀಳುವ ಕೆಲಸವನ್ನು ಅಪ್ಪ, ಮಗಳು ಸೇರಿ ಮಾಡಲಿ. ಒಂದೆರಡು ದಿನವಾದರೂ ಅವರೇ ಅವಳನ್ನು ಚರ್ಚ್‌ಗೆ ಬಿಡಲಿ. ಬಿಟ್ಟು ಹೊರಗೆ ಮಾತಾಡುತ್ತಾ ನಿಲ್ಲಬಾರದು, ಒಳಗೆ ಹೋಗಿ ಕೂರಬೇಕು. ಮಗನಿಗೆ ಇದನ್ನು ತೋರಿಸುವ ಅಗತ್ಯವಿಲ್ಲ. ಮನೆಯಲ್ಲಿ ಇರುವವನಿಗೆ ಗೊತ್ತಾಗುತ್ತದೆ.

ಸೆಪ್ಟೆಂಬರ್ 8ರ ಊಟ ನನಗೆ ಕುಟುಂಬ ದಿನಕ್ಕಿಂತ ಮುಖ್ಯ ಅನಿಸುತ್ತದೆ. ಕೊಡಗಿನಲ್ಲಿ ಹೊಸ ಭತ್ತದ ಹಬ್ಬ ಹುತ್ತರಿ ಬರುವುದು ನವೆಂಬರ್, ಡಿಸೆಂಬರ್ ಹೊತ್ತಿಗೆ. ಆದರೂ ಮೊಂತಿ ಹಬ್ಬಕ್ಕೆ ತೆನೆ ಬೇಕೇ ಬೇಕು, ಅದಿಲ್ಲದೆ ಹಬ್ಬವಿಲ್ಲ. ಪೂಜೆ ಮುಗಿಸಿ ತಂದ ತೆನೆಯ ಕಾಳು ಸುಲಿಯುವ ಕೆಲಸ ಈ ಸಲ ಮಗನಿಗಿರಲಿ. ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ನಿಮ್ಮ ಯಜಮಾನರು ಹೇಳಲಿ. ಅತ್ತೆಯವರೇ "ಈ ಸಲ ನೀನು ಹೇಳು ಮಗಾ" ಅಂದರೆ ಅವರು ಇಲ್ಲ ಅನ್ನಲಾರರು. ಉದ್ದ ಬೇಡ. ಮನೆಯವರ ಹೆಸರು ಒಬ್ಬೊಬ್ಬರದೇ ಹೇಳಿ ಪ್ರಾರ್ಥಿಸಿದರೆ ಸಾಕು, ಮಗನ ಹೆಸರೂ ಅದರಲ್ಲಿ ಬರಲಿ.

ಕುಟುಂಬ ದಿನಕ್ಕೆ ಮುಂಚೆ ಫಾದರ್ ಹತ್ತಿರ ಮಾತಾಡಿ. ಮಗನ ಹೆಸರು ತೆಗೆಯದೆ, ಕ್ವಿಜ್ ಪೈಪೋಟಿಯಾಗಿ ಮಕ್ಕಳಿಗೆ ನೋವಾಗುತ್ತಿದೆ ಅಂತ ಹೇಳಿ. ಕೂತು ಮಾತಾಡುವ, ಒಟ್ಟಿಗೆ ಅಡುಗೆ ಮಾಡುವ ಕಾರ್ಯಕ್ರಮ ಇಟ್ಟರೆ ಎಷ್ಟೋ ಮನೆಗಳಿಗೆ ಒಳ್ಳೆಯದು. ಅಜ್ಜ ಅಜ್ಜಿಯರನ್ನೂ ಸೇರಿಸಲು ಕೇಳಿ. ಪೋಪ್ ಫ್ರಾನ್ಸಿಸ್ ಅವರು 2021ರಿಂದ ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು ಅಜ್ಜ ಅಜ್ಜಿಯರ, ಹಿರಿಯರ ದಿನ ಅಂತ ಮಾಡಿದ್ದೂ ಇದಕ್ಕೇ. ಯೇಸುವಿನ ಅಜ್ಜಿ ಸಂತ ಅನ್ನಮ್ಮನ ಹಬ್ಬ ಜುಲೈ 26ಕ್ಕೆ ಬರುತ್ತದೆ, ಅದರ ಹತ್ತಿರದ ದಿನ ಅಂತಲೇ ಆರಿಸಿದರು. ವಿರಾಜಪೇಟೆಯ ಹಳೆಯ ಚರ್ಚ್ ಅವಳ ಹೆಸರಿನದೇ ಅಲ್ವಾ?

ಮಗನಿಗೆ ಹೇಳಿ: "ಸ್ಟೇಜ್ ಹತ್ತಬೇಕಾಗಿಲ್ಲ. ಅಜ್ಜಿಯನ್ನು ಕರೆದುಕೊಂಡು ಬಂದು ಪಕ್ಕ ಕೂತರೆ ಸಾಕು." ಬೇಡ ಅಂದರೆ ಈ ವರ್ಷ ಬಿಟ್ಟುಬಿಡಿ. ನೀವು, ಯಜಮಾನರು, ಮಗಳು ಮೂವರೂ ಹೋಗಿ. ಯಾರಾದರೂ ಕೇಳಿದರೆ "ಅವನು ಮನೆಯಲ್ಲಿದ್ದಾನೆ" ಅನ್ನಿ, ಅದಕ್ಕಿಂತ ಜಾಸ್ತಿ ಹೇಳಬೇಡಿ. ಆ ದಿನದ ಊಟ ಅವನಿಗೂ ಸ್ವಲ್ಪ ಕಟ್ಟಿಸಿಕೊಂಡು ಬನ್ನಿ.