ಕಾರ್ಕಳದ ಗೊಮ್ಮಟ ಮತ್ತು ಕಲ್ಕುಡನ ಸೇಡು

ನಮಸ್ಕಾರ. ಬೆಂಗಳೂರಿನಿಂದ ಮಕ್ಕಳೊಂದಿಗೆ ಕಾರ್ಕಳಕ್ಕೆ ಹೊರಟಿರುವ ತಾವು, ಅಲ್ಲಿನ ಗೊಮ್ಮಟ ಬೆಟ್ಟದಲ್ಲಿ ಕೈಕಾಲು ಕಳೆದುಕೊಂಡ ಶಿಲ್ಪಿಯ ದೆವ್ವ ಸುಳಿದಾಡುವುದು ನಿಜವೇ ಎಂದು ಕೇಳಿದ್ದೀರಿ. ಅದು ಅಲ್ಲಿನ ಗೊಮ್ಮಟನನ್ನು ಕಡೆದನೆಂದು ಹೇಳುವ ಶಿಲ್ಪಿ ಬೀರ ಕಲ್ಕುಡನ ಕಥೆ. ಆದರೆ ತುಳುನಾಡಿನವರಾದ ನಮಗೆ ಅವನು ದೆವ್ವವಲ್ಲ, ಕೋಲವೆಂಬ ನೃತ್ಯಸೇವೆ ಕೊಟ್ಟು ನಂಬುವ ದೈವ. ಇಂಥ ಮೂರ್ತಿ ಬೇರೆಲ್ಲೂ ಏಳಬಾರದೆಂದು ಕಾರ್ಕಳದ ಭೈರರಸ ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದನೆಂದೂ, ಅವನು ಉಳಿದ ಒಂದೇ ಕೈಯಿಂದ ವೇಣೂರಿನ ಗೊಮ್ಮಟನನ್ನು ಕಡೆದನೆಂದೂ, ಅಣ್ಣನ ಸ್ಥಿತಿ ಕಂಡು ಕೆರಳಿದ ತಂಗಿ ಕಲ್ಲುರ್ಟಿಯೊಡನೆ ಮಾಯವಾಗಿ, ದೈವವಾಗಿ ಅರಸನನ್ನು ಕಾಡಿದನೆಂದೂ ತುಳುವಿನ ಹಾಡುಗತೆಯಾದ ಪಾಡ್ದನ ಹೇಳುತ್ತದೆ. ನಾಟಿ ಮಾಡುತ್ತ ಇದನ್ನು ಹಾಡುತ್ತಿದ್ದ ನಮ್ಮ ಅಜ್ಜಿ, ಕೈ ಕಡಿಯುವ ಸಾಲು ಬಂದಾಗ ನೇಜಿಯ ಸೂಡಿಯನ್ನು, ಅಂದರೆ ಭತ್ತದ ಸಸಿಯ ಕಟ್ಟನ್ನು, ಹಿಡಿದುಕೊಂಡೇ ಒಂದು ಕ್ಷಣ ನಿಂತುಬಿಡುತ್ತಿದ್ದರು.

ಕಾರ್ಕಳದ 42 ಅಡಿಯ ಮೂರ್ತಿ ಭೈರರಸ ವೀರಪಾಂಡ್ಯನ ಕಾಲದಲ್ಲಿ, 1432ರಲ್ಲಿ ಪ್ರತಿಷ್ಠಾಪನೆಯಾಯಿತು. ವೇಣೂರಿನದು ಅಲ್ಲಿನ ಅರಸ ತಿಮ್ಮಣ್ಣ ಅಜಿಲನ ಕಾಲದ್ದು, 1604ರದು. ನಡುವೆ 172 ವರ್ಷಗಳಿರುವುದರಿಂದ ಒಬ್ಬನೇ ಶಿಲ್ಪಿ ಎರಡನ್ನೂ ಕಡೆದಿರಲು ಸಾಧ್ಯವಿಲ್ಲ. ಆದರೂ ಅರಸನ ಹೆಸರಿನ ಜೊತೆಗೆ ಉಳಿ ಹಿಡಿದವನ ನೋವನ್ನೂ ಉಳಿಸಿಕೊಂಡ ಈ ಹಾಡನ್ನು ಸುಳ್ಳೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹೆದರದೆ ಹೋಗಿ ಬನ್ನಿ; ಬಿಸಿಲೇರಿದರೆ ಬಂಡೆ ಕಾಯುವುದರಿಂದ ಬೆಳಗ್ಗೆಯೇ ಹತ್ತುವುದು ಒಳ್ಳೆಯದು.