ಸಂಗೀತ ಪ್ರಶ್ನೋತ್ತರ: ಸ್ವರಗಳು ಅವೇ, ರಾಗಗಳು ಬೇರೆ

ಪ್ರಶ್ನೆ: ಹಿಂದುಸ್ತಾನಿ ಗಾಯನದ ವಿದ್ವತ್ ಪರೀಕ್ಷೆಗೆ ಸಿದ್ಧಳಾಗುತ್ತಿದ್ದೇನೆ. ಹತ್ತು ಥಾಟ್‌ಗಳ (ರಾಗಗಳನ್ನು ವಿಂಗಡಿಸುವ ಮೂಲ ಸ್ವರಶ್ರೇಣಿಗಳ) ಆರೋಹ-ಅವರೋಹಗಳನ್ನೂ ಅಲಂಕಾರಗಳನ್ನೂ ದಿನವೂ ಹಾರ್ಮೋನಿಯಂ ನುಡಿಸಿಕೊಂಡು ಹಾಡುತ್ತೇನೆ. ಆದರೂ ನಾನು ಮಾರವಾ ರಾಗ ಹಾಡಿದಾಗಲೆಲ್ಲ ಪೂರಿಯಾ ರಾಗ ನುಸುಳುತ್ತದೆ ಎಂದು ಗುರುಗಳು ಹೇಳುತ್ತಾರೆ. ಅಭ್ಯಾಸವನ್ನು ಹೇಗೆ ತಿದ್ದಿಕೊಳ್ಳಲಿ?
— ಓದುಗರು, ಆಳಂದ

ಉತ್ತರ: ಗುರುಗಳು ಗುರುತಿಸಿರುವುದು ಸ್ವರಸ್ಥಾನದ ದೋಷವನ್ನಲ್ಲ, ನಡೆಯ ದೋಷವನ್ನು. ಸಂಗೀತಶಾಸ್ತ್ರಜ್ಞ ಭಾತಖಂಡೆಯವರ ಹತ್ತು ಥಾಟ್‌ಗಳು ರಾಗಗಳನ್ನು ವಿಂಗಡಿಸಲು ಹುಟ್ಟಿದವು. ಕೆಳಗಿನ ಪರೀಕ್ಷೆಗಳಲ್ಲಿ ಅವನ್ನು ತಪ್ಪಿಲ್ಲದೆ ಏರಿಳಿಸಿದರೆ ಸಾಕಾಗುತ್ತದೆ, ಆದರೆ ವಿದ್ವತ್ ಹಂತದಲ್ಲಿ ಅವೇ ಸ್ವರಗಳಿಂದ ಎರಡು ರಾಗಗಳನ್ನು ಬೇರೆ ಬೇರೆಯಾಗಿ ನಿಲ್ಲಿಸಬಲ್ಲಿರಾ ಎಂಬುದೇ ಮುಖ್ಯವಾಗುತ್ತದೆ. ಮಾರವಾ, ಪೂರಿಯಾ, ಸೋಹನಿ ಮೂರರಲ್ಲೂ ರಿಷಭ ಕೋಮಲ, ಮಧ್ಯಮ ತೀವ್ರ, ಪಂಚಮ ವರ್ಜ್ಯ (ಬಳಸುವುದಿಲ್ಲ). ಮಾರವಾ ರಿಷಭ-ಧೈವತಗಳ ಮೇಲೆ ನಿಂತು ಷಡ್ಜವನ್ನು ಬಹಳ ಹೊತ್ತು ಮುಂದೂಡುತ್ತದೆ. ಪೂರಿಯಾ ಗಾಂಧಾರ-ನಿಷಾದಗಳನ್ನು ಆಶ್ರಯಿಸಿ ಮಂದ್ರದಲ್ಲಿ, ಅಂದರೆ ಕೆಳ ಸ್ಥಾಯಿಯಲ್ಲಿ, ಅರಳುತ್ತದೆ. ಸೋಹನಿಯ ಬದುಕೆಲ್ಲ ತಾರ ಷಡ್ಜದ (ಮೇಲಿನ ಸ್ಥಾಯಿಯ ಸಾ) ಸುತ್ತ. ಸಾದಿಂದ ಸಾವರೆಗಿನ ಸರಳ ಆರೋಹವನ್ನು ನೂರು ಸಲ ಹಾಡಿದರೂ ಈ ವ್ಯತ್ಯಾಸ ಕೊರಳಿಗೆ ಇಳಿಯುವುದಿಲ್ಲ.

ಆದ್ದರಿಂದ ದಿನಕ್ಕೆ ಹತ್ತು ಥಾಟ್‌ಗಳನ್ನು ಮುಗಿಸುವ ಕ್ರಮವನ್ನು ಬಿಟ್ಟು, ಒಂದು ವಾರ ಒಂದೇ ರಾಗಜೋಡಿಯನ್ನು ಹಿಡಿಯಿರಿ. ನಿ, ರೆ, ಗ, ಮ ಎಂಬ ನಾಲ್ಕು ಸ್ವರಗಳನ್ನು ಮೇರುಖಂಡದ ಕ್ರಮದಲ್ಲಿ, ಅಂದರೆ ಸಾಧ್ಯವಿರುವ ಎಲ್ಲ ಅನುಕ್ರಮಗಳಲ್ಲಿ, ಜೋಡಿಸಿದರೆ 24 ವಿನ್ಯಾಸಗಳಾಗುತ್ತವೆ. ಪ್ರತಿಯೊಂದನ್ನೂ ಮೊದಲು ರಿಷಭದ ಮೇಲೆ, ಆಮೇಲೆ ಗಾಂಧಾರದ ಮೇಲೆ ನಿಲ್ಲಿಸಿ ನೋಡಿ. ಯಾವ ನಿಲುಗಡೆಯಲ್ಲಿ ಯಾವ ರಾಗ ಮುಖ ತೋರಿಸುತ್ತದೆಂಬುದು ನಿಮ್ಮ ಕಿವಿಗೇ ತಿಳಿಯುತ್ತದೆ. ಬಳಿಕ ಐದು ನಿಮಿಷ ಮಾರವಾ, ತಡೆಯಿಲ್ಲದೆ ಐದು ನಿಮಿಷ ಪೂರಿಯಾ, ಮತ್ತೆ ಮಾರವಾ ಹಾಡಿರಿ. ಹೀಗೆ ದಾಟುವುದು ಕಷ್ಟ, ಆ ಕಷ್ಟದಲ್ಲಿಯೇ ಕಲಿಕೆ ಇದೆ. ಭೂಪಾಲಿ-ದೇಶಕಾರ ಜೋಡಿಗೂ ಇದೇ ದಾರಿ: ಐದೂ ಸ್ವರಗಳು ಒಂದೇ, ಆದರೆ ಭೂಪಾಲಿಗೆ ಗಾಂಧಾರ ವಾದಿ (ಪ್ರಧಾನ ಸ್ವರ), ದೇಶಕಾರಕ್ಕೆ ಧೈವತ.

ಹಾರ್ಮೋನಿಯಂ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಈ ಅಭ್ಯಾಸದ ಹೊತ್ತಿಗೆ ಅದನ್ನು ಮುಚ್ಚಿಡಿ. ಅದರ ಶುದ್ಧ ಗಾಂಧಾರವು ತಂಬೂರಿಯಿಂದ ತಾನಾಗಿ ಹೊಮ್ಮುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್‌ಗಳಷ್ಟು (ಸೆಂಟ್ ಎಂದರೆ ಅರ್ಧಸ್ವರದ ನೂರನೇ ಒಂದು ಭಾಗ) ಎತ್ತರದಲ್ಲಿರುತ್ತದೆ, ಮತ್ತು ಅದರ ಮನೆಗಳನ್ನು ಒತ್ತುತ್ತಾ ಹಾಡುವ ಕೊರಳು ಸ್ವರವನ್ನು ಹುಡುಕುವ ಕೆಲಸವನ್ನೇ ಮರೆಯುತ್ತದೆ. ತಂಬೂರಿ ಸಾಕು, ಪಂಚಮವಿಲ್ಲದ ಈ ರಾಗಗಳಿಗೆ ಮೊದಲ ತಂತಿಯನ್ನು ನಿಷಾದಕ್ಕೆ ಕೂಡಿಸಿಕೊಳ್ಳಿ.

ಪ್ರಶ್ನೆ: ಬೇಸಿಗೆಯಲ್ಲಿ ರಿಯಾಜ್ ಮಾಡಿದರೆ ಗಂಟಲು ಒಣಗುತ್ತದೆ. ತಾನಗಳ (ವೇಗದ ಸ್ವರಗುಚ್ಛಗಳ) ವೇಗವನ್ನು ಹೇಗೆ ಉಳಿಸಿಕೊಳ್ಳುವುದು?
— ಓದುಗರು, ಶಹಾಪುರ

ಉತ್ತರ: ಬಿಸಿಲು 40 ಡಿಗ್ರಿ ದಾಟುವ ನಮ್ಮ ಭಾಗದಲ್ಲಿ ನಸುಕಿನ ಹೊತ್ತನ್ನು ಮಂದ್ರ ಸ್ವರಗಳಿಗೂ ಪಲ್ಟಾಗಳಿಗೂ (ಸ್ವರಗಳನ್ನು ತಿರುಗುಮುರುಗಾಗಿಸುವ ಅಭ್ಯಾಸಗಳಿಗೂ) ಮೀಸಲಿಡಿ, ನಡುಹಗಲಿನಲ್ಲಿ ಹಾಡುವ ಬದಲು ಕೈತಾಳ ಹಾಕುತ್ತಾ ತಾನಗಳನ್ನು ಸರಗಮ್‌ನಲ್ಲಿ ಮೆಲುದನಿಯಿಂದ ಹೇಳಿಕೊಳ್ಳಿ. ನಿಮಿಷಕ್ಕೆ 60 ಮಾತ್ರೆಗಳ (ತಾಳದ ಎಣಿಕೆಗಳ) ಲಯದಲ್ಲಿ ದುಗುನ್ (ಎರಡು ಪಟ್ಟು ವೇಗ) ನಿರ್ಮಲವಾಗಿ ಬರುವವರೆಗೆ ಚೌಗುನ್‌ಗೆ (ನಾಲ್ಕು ಪಟ್ಟಿಗೆ) ಹೋಗಬೇಡಿ.