ಬೇಸಿಗೆ ಅಡುಗೆ ಶಿಬಿರ: ಒಲೆ ಹಚ್ಚದಿದ್ದರೆ ಅಪಾಯವೇ ಇಲ್ಲವೇ?

ಪ್ರಶ್ನೆ: ಮಗಳಿಗೆ ಏಳು ವರ್ಷ. ರಜೆಯಲ್ಲಿ ಅಡುಗೆ ಶಿಬಿರಕ್ಕೆ ಸೇರಿಸಬೇಕೆಂದಿದ್ದೇವೆ. ‘ಐದು ದಿನ, ಇಪ್ಪತ್ತು ತಿನಿಸು. ಒಲೆ ಬಳಸುವುದೇ ಇಲ್ಲ, ಹಾಗಾಗಿ ಪೂರ್ತಿ ಸುರಕ್ಷಿತ’ ಎನ್ನುತ್ತಾರೆ. ನಂಬಬಹುದೇ?

ಉತ್ತರ: ಒಲೆ ಇಲ್ಲದಿದ್ದರೆ ಸುಟ್ಟುಕೊಳ್ಳುವ ಭಯ ಕಡಿಮೆ, ಅಷ್ಟು ನಿಜ. ಆದರೆ ರೋಗಾಣುಗಳನ್ನು ಕೊಲ್ಲುವುದೂ ಬೆಂಕಿಯೇ. ಬೇಯಿಸದ ತಿನಿಸಿಗೆ ಆ ಕಾವಲು ಇರುವುದಿಲ್ಲ. ಹಾಲು, ಕ್ರೀಮ್, ಹೆಚ್ಚಿಟ್ಟ ಹಣ್ಣು, ಮೊದಲೇ ಬೇಯಿಸಿ ತಂದ ಆಲೂಗಡ್ಡೆ ಇವೆಲ್ಲ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದಷ್ಟು ಹೊತ್ತೂ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಇಂಥ ಆಹಾರವನ್ನು ಹೊರಗಿಡಲು ಸಾಮಾನ್ಯ ಮಿತಿ ಎರಡು ಗಂಟೆ, ಸೆಕೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಹೇಳಿಕೇಳಿ ಬೇಸಿಗೆ ಶಿಬಿರ, ಎರಡನೆಯ ಲೆಕ್ಕವನ್ನೇ ಹಿಡಿಯಬೇಕು. ಹತ್ತು ಗಂಟೆಗೆ ಕ್ರೀಮ್ ಹಚ್ಚಿ ಮಾಡಿದ ಸ್ಯಾಂಡ್‌ವಿಚ್ ಅನ್ನು ಡಬ್ಬಿಯಲ್ಲಿಟ್ಟು, ಒಂದು ಗಂಟೆಗೆ ‘ಮನೆಯಲ್ಲಿ ತೋರಿಸು’ ಎಂದು ಕಳಿಸುವ ರೂಢಿಯಿದ್ದರೆ ಆ ಶಿಬಿರ ಬೇಡ.

ಹೋಗಿ ನೋಡಿ. ಫ್ರಿಜ್ ಇದೆಯೇ, ಮಕ್ಕಳಿಗೆ ಎಟುಕುವಂತೆ ನಲ್ಲಿ ಮತ್ತು ಸೋಪು ಇವೆಯೇ? ಅಲರ್ಜಿಯ ವಿವರವನ್ನು ಬರವಣಿಗೆಯಲ್ಲಿ ಕೇಳುತ್ತಾರೆಯೇ? ಕಡಲೆಕಾಯಿ, ಬೀಜಗಳು, ಎಳ್ಳು, ಹಾಲು, ಮೊಟ್ಟೆ, ಗೋಧಿ, ಸೋಯಾ, ಇವನ್ನು ಹೆಸರು ಹಿಡಿದು ಕೇಳಬೇಕು. ‘ಅಲರ್ಜಿ ಏನಾದರೂ ಇದೆಯಾ’ ಎಂಬ ಬಾಯಿಮಾತು ಸಾಲದು. ಇನ್ನೊಂದು ಸಂಗತಿ ಹಲವರಿಗೆ ಗೊತ್ತಿಲ್ಲ: ಹಸಿ ಹಿಟ್ಟೂ ಬೇಯದ ಪದಾರ್ಥವೇ, ಅದರಲ್ಲೂ ಇ. ಕೋಲಿ, ಸಾಲ್ಮೊನೆಲ್ಲಾ ಎಂಬ ರೋಗಾಣುಗಳು ಇರಬಹುದು. ಮೊಟ್ಟೆ ಹಾಕದಿದ್ದರೂ ಕಲಸಿದ ಹಿಟ್ಟನ್ನು ಮಕ್ಕಳು ನೆಕ್ಕಬಾರದು.

ಇನ್ನು ಇಪ್ಪತ್ತು ತಿನಿಸು. ದಿನಕ್ಕೆ ನಾಲ್ಕು ಎಂದಾಯಿತು. ತರಗತಿ ಎರಡು ಗಂಟೆಯದು ಎಂದುಕೊಂಡರೆ ಕೈ ತೊಳೆಯುವುದೂ ಸೇರಿ ಒಂದಕ್ಕೆ ಅರ್ಧ ಗಂಟೆ. ಅಂದರೆ ಹೆಚ್ಚಿದ್ದು, ಅಳೆದದ್ದು, ಕಲಸಿದ್ದು ಬೇರೆ ಯಾರೋ. ಮಗು ಮೇಲೊಂದು ಚೆರ್ರಿ ಇಟ್ಟು ಫೋಟೊಗೆ ನಿಲ್ಲುತ್ತದೆ. ದಿನಕ್ಕೆ ಒಂದೇ ತಿನಿಸು ಮಾಡಿದರೂ ಅಳೆಯುವುದರಿಂದ ಹಿಡಿದು ಮೇಜು ಒರೆಸುವವರೆಗೆ ಎಲ್ಲವನ್ನೂ ಮಗುವೇ ಮಾಡುವ ಶಿಬಿರವನ್ನು ಆರಿಸಿಕೊಳ್ಳಿ.

ಪ್ರಶ್ನೆ: 8ರಿಂದ 11 ವರ್ಷದ ಹನ್ನೆರಡು ಮಕ್ಕಳಿಗೆ ಶಿಬಿರ ನಡೆಸುತ್ತಿದ್ದೇನೆ. ಚಾಕು ಕೊಡಬಹುದೇ? ಹೇಗೆ ಶುರು ಮಾಡಲಿ?

ಉತ್ತರ: ಕೊಡಿ, ಈ ವಯಸ್ಸಿಗೆ ಅದೇ ಕಲಿಯಬೇಕಾದ ಕೆಲಸ. ಆದರೆ ಚಾಕುವಿಗಿಂತ ಮೊದಲು ಎತ್ತರ ನೋಡಿ. ಹಲಗೆಯ ಮೇಲ್ಮೈ ಮಗುವಿನ ಮೊಣಕೈಗಿಂತ ತುಸು ಕೆಳಗಿರಬೇಕು. ಮೇಜು ಎತ್ತರವಾದರೆ ಭುಜ ಮೇಲೇರುತ್ತದೆ, ಮಣಿಕಟ್ಟು ಸೊಟ್ಟಗಾಗುತ್ತದೆ, ಚಾಕು ಜಾರುತ್ತದೆ. ಅಗಲ ಪಾದದ, ಅಲ್ಲಾಡದ ಸ್ಟೂಲ್ ಇಡಿ, ಇಲ್ಲವೇ ಗಿಡ್ಡ ಮೇಜು ತನ್ನಿ. ಹಲಗೆಯ ಕೆಳಗೆ ಹಿಂಡಿದ ಒದ್ದೆ ಬಟ್ಟೆ ಹಾಸಿ. ಒಣ ಮೇಜಿನ ಮೇಲೆ ಓಡಾಡುವ ಹಲಗೆ ಹರಿತವಾದ ಚಾಕುವಿಗಿಂತ ಅಪಾಯಕಾರಿ.

ಮಕ್ಕಳಿಗೆಂದು ಮೊಂಡು ಚಾಕು ಕೊಡುವುದು ತಪ್ಪು ಲೆಕ್ಕ. ಮೊಂಡಾದಷ್ಟೂ ಒತ್ತಬೇಕು, ಒತ್ತಿದಷ್ಟೂ ಅಲಗು ಎತ್ತಲೋ ಹೋಗುತ್ತದೆ. 9–10 ಸೆಂಟಿಮೀಟರ್ ಅಲಗಿನ, ತುದಿ ದುಂಡಗಿರುವ, ಹರಿತವಾದ ಸಣ್ಣ ಚಾಕು ಸಾಕು. ಗರಗಸದ ಅಂಚಿನ ನೈಲಾನ್ ಚಾಕು ಆರು ವರ್ಷದೊಳಗಿನವರಿಗೆ.

ಹಿಡಿತ ಎರಡು ಬಗೆ. ಮೊದಲ ಎರಡು ದಿನ ಸೇತುವೆ ಹಿಡಿತ: ಹೆಬ್ಬೆರಳು ಒಂದು ಬದಿ, ಉಳಿದ ಬೆರಳು ಇನ್ನೊಂದು ಬದಿ, ನಡುವಿನ ಕಮಾನಿನ ಕೆಳಗೆ ಚಾಕು ಹೋಗಬೇಕು. ಆಮೇಲೆ ಪಂಜದ ಹಿಡಿತ: ಬೆರಳ ತುದಿಗಳು ಬೆಕ್ಕಿನ ಪಂಜದಂತೆ ಒಳಕ್ಕೆ ಮಡಚಿರಬೇಕು, ಅಲಗಿನ ಬದಿ ಬೆರಳ ಗಿಣ್ಣಿಗೆ ತಾಗುತ್ತಿರಬೇಕು. ಇಲ್ಲಿ ಕೆಡುವುದು ಹೆಬ್ಬೆರಳಿಂದ. ಉಳಿದ ನಾಲ್ಕೂ ಶಿಸ್ತಾಗಿ ಮಡಚಿರುತ್ತವೆ, ಹೆಬ್ಬೆರಳು ಮಾತ್ರ ಪಕ್ಕಕ್ಕೆ ಇಣುಕುತ್ತಿರುತ್ತದೆ. ‘ಹೆಬ್ಬೆರಳು ಎಲ್ಲಿದೆ?’ ಎಂದು ಆಗಾಗ ಕೇಳುತ್ತಿರಿ. ತರಕಾರಿ ತುಂಡು ಸಣ್ಣದಾಗುತ್ತಾ ಬಂದಾಗ ಕೊನೆಯ ಎರಡು ಸೆಂಟಿಮೀಟರ್ ಬಿಟ್ಟುಬಿಡಲಿ, ಕಡೆಯ ಚೂರು ಹೆಚ್ಚುವ ಹಟದಲ್ಲೇ ಬೆರಳು ಕೊಯ್ದುಕೊಳ್ಳುವುದು.

ಬಾಳೆಹಣ್ಣಿನಿಂದ ಆರಂಭಿಸಿ, ಸೌತೆಕಾಯಿ, ಬೇಯಿಸಿದ ಆಲೂಗಡ್ಡೆಗೆ ಹೋಗಿ. ಕ್ಯಾರೆಟ್ ಕೊನೆಗೆ, ಏಕೆಂದರೆ ಅದು ಗಟ್ಟಿ, ಉರುಳುವ ಗುಣವೂ ಇದೆ. ದೊಡ್ಡವರು ಉದ್ದಕ್ಕೆ ಸೀಳಿ ಕೊಡಬೇಕು, ಚಪ್ಪಟೆ ಮೈ ಕೆಳಗಾಗಿ ಇಟ್ಟು ಮಗು ಹೆಚ್ಚಬೇಕು. ಎಡಗೈಯವರನ್ನು ಮೇಜಿನ ಎಡತುದಿಗೆ ನಿಲ್ಲಿಸಿ, ಮೊಣಕೈಗಳು ಡಿಕ್ಕಿಯಾಗುವುದಿಲ್ಲ. ಚಾಕುವನ್ನು ಕೈಯಿಂದ ಕೈಗೆ ಕೊಡುವುದು ಬೇಡ, ಹಲಗೆಯ ಮೇಲಿಡಲಿ, ಇನ್ನೊಬ್ಬರು ಎತ್ತಿಕೊಳ್ಳಲಿ. ನೊರೆ ತುಂಬಿದ ತೊಟ್ಟಿಯೊಳಗೆ ಎಂದೂ ಹಾಕಬೇಡಿ.

ನಮ್ಮ ಅಂದಾಜಿನಲ್ಲಿ ಹೆಚ್ಚುವಾಗ ನಾಲ್ಕು ಮಕ್ಕಳಿಗೆ ಒಬ್ಬ ದೊಡ್ಡವರು ಬೇಕೇ ಬೇಕು. ಅಷ್ಟು ಜನ ಇಲ್ಲವೆಂದರೆ ನಾಲ್ವರು ಹೆಚ್ಚಲಿ, ಉಳಿದ ಎಂಟು ಮಂದಿ ಅಳೆಯಲಿ, ತೊಳೆಯಲಿ. ಹದಿನೈದು ನಿಮಿಷಕ್ಕೊಮ್ಮೆ ಸರದಿ ಬದಲಿಸಿ, ಅದಕ್ಕಿಂತ ಹೆಚ್ಚು ಹೊತ್ತು ಗಮನ ನಿಲ್ಲುವುದು ಕಷ್ಟ. ಅದೇ ಹೊತ್ತಿಗೆ ಒಲೆ ಉರಿಸಬೇಡಿ.

ಪ್ರಶ್ನೆ: ಮಂಜುಗಡ್ಡೆ ತುಂಬಿದ ಚೀಲ ಕುಲುಕಿ ಐಸ್‌ಕ್ರೀಮ್ ಮಾಡಿಸಿದೆವು. ಕಾಲು ಗಂಟೆ ಕುಲುಕಿದರೂ ಹಾಲು ಹಾಲಾಗಿಯೇ ಉಳಿಯಿತು. ಏನು ತಪ್ಪಾಯಿತು?

ಉತ್ತರ: ಬಹುಶಃ ಉಪ್ಪು ಕಡಿಮೆಯಾಯಿತು. ಬರೀ ಮಂಜುಗಡ್ಡೆ ಕರಗುವಾಗ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯದು, ಸಕ್ಕರೆ ಸೇರಿದ ಹಾಲು ಸೊನ್ನೆಯಲ್ಲಿ ಹೆಪ್ಪುಗಟ್ಟದು. ಉಪ್ಪು ಬೆರೆತಾಗ ಮಾತ್ರ ಮಿಶ್ರಣ ಮೈನಸ್ ಹತ್ತಕ್ಕೂ ಕೆಳಗೆ ಹೋಗುತ್ತದೆ. ತೂಕದಲ್ಲಿ ಮೂರು ಪಾಲು ಮಂಜುಗಡ್ಡೆಗೆ ಒಂದು ಪಾಲು ಉಪ್ಪು. ಎರಡು ಚಮಚ ಉದುರಿಸಿದರೆ ಏನೂ ಆಗದು.

ಒಂದು ಮಗುವಿನ ಅಳತೆ: ಪಾಶ್ಚರೀಕರಿಸಿದ ಹಾಲು 100 ಮಿಲಿಲೀಟರ್, ಕ್ರೀಮ್ 50 ಮಿಲಿಲೀಟರ್, ಸಕ್ಕರೆ 20 ಗ್ರಾಂ. ಹೊರಚೀಲಕ್ಕೆ ಗೋಲಿ ಗಾತ್ರಕ್ಕೆ ಪುಡಿಮಾಡಿದ ಮಂಜುಗಡ್ಡೆ 600 ಗ್ರಾಂ, ಉಪ್ಪು 200 ಗ್ರಾಂ. ಹಾಲು ಮೊದಲೇ ಫ್ರಿಜ್‌ನಲ್ಲಿರಲಿ. ಸಕ್ಕರೆ ದುಪ್ಪಟ್ಟು ಮಾಡಿದರೆ ಹೆಪ್ಪುಗಟ್ಟುವುದು ಇನ್ನೂ ತಡ. ಒಳಚೀಲದ ಗಾಳಿ ತೆಗೆದು ಜಿಪ್ ಹಾಕಿ, ಇನ್ನೊಂದು ಚೀಲದೊಳಗಿಟ್ಟು ಮತ್ತೆ ಜಿಪ್ ಹಾಕಿ, ಆಮೇಲೆ ಮಂಜುಗಡ್ಡೆಯ ಹೊರಚೀಲದೊಳಗೆ ಇಡಿ. ಸುಮಾರು ಹತ್ತು ನಿಮಿಷ ಕುಲುಕಿದರೆ ಮೆತ್ತನೆಯ ಐಸ್‌ಕ್ರೀಮ್ ಸಿಗುತ್ತದೆ. ತೆರೆಯುವ ಮುನ್ನ ಚೀಲದ ಬಾಯನ್ನು ತಣ್ಣೀರಿನಲ್ಲಿ ತೊಳೆಯಿರಿ, ಇಲ್ಲವಾದರೆ ಉಪ್ಪುನೀರು ಒಳಗಿಳಿಯುತ್ತದೆ.

ಚೀಲಕ್ಕೆ ದಪ್ಪ ಟವೆಲ್ ಸುತ್ತಿಯೇ ಕೊಡಿ. ಉಪ್ಪು ಬೆರೆತ ಮಂಜುಗಡ್ಡೆ ಬರಿಗೈಗೆ ತಾಗುತ್ತಿದ್ದರೆ ನಿಮಿಷಗಳಲ್ಲಿ ಚರ್ಮಕ್ಕೆ ಶೀತದ ಗಾಯವಾಗಬಲ್ಲದು. ಯಾರು ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತಾರೆ ಎಂಬ ಪಂದ್ಯ ಮಕ್ಕಳ ನಡುವೆ ತಾನಾಗಿಯೇ ಹುಟ್ಟುತ್ತದೆ, ಕಣ್ಣಿಡಿ.

ಪ್ರಶ್ನೆ: ಮಗು ಕೈ ಸುಟ್ಟುಕೊಂಡರೆ ತಕ್ಷಣ ಏನು ಮಾಡಬೇಕು?

ಉತ್ತರ: ಹರಿಯುವ ತಣ್ಣೀರಿನ ಕೆಳಗೆ ಪೂರ್ತಿ ಇಪ್ಪತ್ತು ನಿಮಿಷ. ಎರಡು ನಿಮಿಷಕ್ಕೆ ಅಳು ನಿಂತಿತೆಂದು ಕೈ ತೆಗೆಸಬೇಡಿ. ಊತ ಬರುವ ಮುನ್ನ ಉಂಗುರ, ವಾಚು ಬಿಚ್ಚಿ. ಮಂಜುಗಡ್ಡೆ, ಬೆಣ್ಣೆ, ಟೂತ್‌ಪೇಸ್ಟ್ ಯಾವುದೂ ಬೇಡ. ನಂತರ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆಯನ್ನು ಸುತ್ತದೆ, ಮೇಲೆ ಹಾಸಿದಂತೆ ಮುಚ್ಚಿ. ಗುಳ್ಳೆ ಎದ್ದರೆ, ಗಾಯ ಮಗುವಿನ ಅಂಗೈಗಿಂತ ದೊಡ್ಡದಿದ್ದರೆ, ಅಥವಾ ಮುಖ, ಕೈ, ಕೀಲಿನ ಮೇಲಿದ್ದರೆ ವೈದ್ಯರ ಬಳಿ ಹೋಗಲೇಬೇಕು. ಆ ಇಪ್ಪತ್ತು ನಿಮಿಷ ಒಬ್ಬ ದೊಡ್ಡವರು ನಲ್ಲಿಯ ಬಳಿಯೇ ನಿಲ್ಲಬೇಕಾಗುತ್ತದೆ. ಅದಕ್ಕಾಗಿ ಯಾವ ಮೇಜಿನ ಹೊಣೆಯೂ ಇಲ್ಲದ ಒಬ್ಬರನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿ.